ಆ ಮರಳು ಯಾರದ್ದು?

ದುಬೈನ ರಾಸ್ ಅಲ್ ಖೋರ್‌ನಲ್ಲಿ ಬಾಡಿಗೆ ಏರಿತೆಂದು ನನ್ನ ಪೈಪಿನ ಗೋದಾಮನ್ನು ದುಬೈ–ಅಬುಧಾಬಿ ಗಡಿಗೆ ಸಾಗಿಸಿದ್ದೆ. ಎರಡೂ ಕಡೆಯವರು ತಂತಮ್ಮ ನಕ್ಷೆಯಂತೆ ಹಾಕಿದ ರಸ್ತೆಗಳು ಗೋದಾಮಿನ ಆಚೆ ಈಚೆ ಬಂದು ನಿಂತುಬಿಟ್ಟಿದ್ದವು; ನಡುವೆ ಬರೀ ಮರಳು. ನನ್ನ ಟ್ರೇಲರುಗಳು ಅದರಲ್ಲಿ ಹೂತುಕೊಂಡು ಅಬುಧಾಬಿ ಕಡೆಯ ರುವೈಸ್‌ನ ಗಿರಾಕಿಗಳು ಕೈತಪ್ಪುತ್ತಿದ್ದರು. ಫೋನು ಮಾಡಿದರೆ ಎರಡೂ ಕಡೆಯ ರಸ್ತೆ ಇಂಜಿನಿಯರುಗಳದ್ದು ಒಂದೇ ಮಾತು: “ಅದು ಅವರ ಜಾಗ.”

ಕೊನೆಗೆ ಇಬ್ಬರನ್ನೂ ಊಟಕ್ಕೆ ಕರೆದೆ, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಹೇಳದೆ. ಭಟ್ಕಳದ ಬಿರಿಯಾನಿ ಅಂದರೆ ಯಾರು ಬೇಡ ಅಂತಾರೆ? ಇಬ್ಬರ ಕಾರೂ ಒಂದೊಂದು ಬದಿಯ ಮರಳಲ್ಲಿ ಹೂತುಕೊಂಡವು. ಬೂಟು ಕೈಯಲ್ಲಿ ಹಿಡಿದು ಬಂದವರು ನನ್ನ ಬಾಗಿಲಲ್ಲೇ ಮುಖಾಮುಖಿಯಾದರು.

“ಸೇಠ್, ಮೊದಲು ಕಾರು ಎಳೆಸಿ,” ಎಂದರು ಒಬ್ಬರು.

“ಎಳೆಸೋಣ ಸಾಹೇಬ್ರೇ. ಆದರೆ ಹೂತಿರುವ ಮರಳು ಯಾರದ್ದು? ಅವರನ್ನೇ ಕರೆಯಬೇಕಲ್ಲ!”

ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕುಬಿಟ್ಟರು. “ಖಲಾಸ್, ಅರ್ಧ ನಾವು, ಅರ್ಧ ನೀವು,” ಎಂದರು ಇನ್ನೊಬ್ಬರು, ಮೊದಲಿನವರ ಕೈ ಕುಲುಕಿ. ಬಿರಿಯಾನಿ ಆರುವ ಮೊದಲೇ ಮಾತು ಮುಗಿಯಿತು. ಆ ಚಳಿಗಾಲದಲ್ಲಿ ರಸ್ತೆ ಕೂಡಿತು. ಮೊದಲ ಟ್ರೇಲರು ದಿಬ್ಬಣದಂತೆ ಹಾರ್ನ್ ಬಾರಿಸುತ್ತಾ ದಾಟಿತು.

ಈಗ ಗಾಡಿಗಳು ಹಾರಿಕೊಂಡು ಹೋಗುತ್ತವೆ. ನನ್ನ ಬಾಗಿಲೆದುರು ಮಾತ್ರ ನಿಧಾನಿಸಿ, ನನ್ನ ಗೋದಾಮಿನ ಬೋರ್ಡು ಓದಿಯೇ ಮುಂದೆ ಹೋಗಬೇಕು. ಅವತ್ತು ಊಟ ಮುಗಿಸಿ ಕೈತೊಳೆಯುವಾಗ ಆ ಇಬ್ಬರ ಹತ್ತಿರ ರಸ್ತೆಗೆ ಒಂದು ಸ್ಪೀಡ್ ಹಂಪನ್ನೂ ಕೇಳಿಟ್ಟುಕೊಂಡಿದ್ದೆ.