ಚಿಪ್ಪು ಕಾಣದ ಅಂಗಳ

ಅಕ್ಕನ ಬಲಗೈ ಹೆಬ್ಬೆರಳು ಮಳೆಗಾಲದುದ್ದಕ್ಕೂ ಸೀಳಿಕೊಂಡೇ ಇರುತ್ತಿತ್ತು. ನೀರು ಇಳಿದ ಹೊತ್ತಿಗೆ ಅಘನಾಶಿನಿ ಹೊಳೆಯ ಕೆಸರಿಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕುವವರ ಕೈ ಹಾಗೇ. ತದಡಿಯಲ್ಲಿ ನಮ್ಮ ಪಕ್ಕದ ಮನೆಯವಳು, ಕೇರಿಗೆಲ್ಲ ಅಕ್ಕ. ಕಡಲಿಗೆ ಹೋದ ಗಂಡ ತಿರುಗಿ ಬರಲಿಲ್ಲ, ಇದ್ದವಳು ಒಬ್ಬಳೇ ಮಗಳು.

ದೋಣಿಗಳು ದಡ ಹತ್ತಿದ ಆ ತಿಂಗಳುಗಳಲ್ಲಿ ಯಾರ ಬಾಗಿಲಲ್ಲಿ ಬಳಚಿನ ಚಿಪ್ಪಿನ ರಾಶಿ ಏರುತ್ತದೋ ಆ ಮನೆಯಲ್ಲಿ ಅಕ್ಕಿ ಮುಗಿದಿದೆ ಎಂದು ಕೇರಿ ತಿಳಿದುಕೊಳ್ಳುತ್ತಿತ್ತು. ಅಕ್ಕನ ಅಂಗಳದಲ್ಲಿ ಒಂದು ಚಿಪ್ಪೂ ಕಾಣುತ್ತಿರಲಿಲ್ಲ. ಕೇಳಿದರೆ, ಹೆಕ್ಕಿದ್ದೆಲ್ಲ ಕುಮಟೆ ಪೇಟೆಗೆ ಹೋಯಿತು ಎನ್ನುತ್ತಿದ್ದಳು. ನನ್ನ ಅವ್ವ ಗಂಜಿ ಕಳಿಸಿದರೆ, ಈಗಷ್ಟೇ ಊಟ ಆತು ಎಂದು ಪಾತ್ರೆಯನ್ನು ಹಾಗೇ ವಾಪಸು ಕೊಡುತ್ತಿದ್ದಳು.

ನೂಲಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೆಯೇ ನಮ್ಮಲ್ಲಿ ದೋಣಿ ಇಳಿಯುವುದು. ಒಂದು ವರ್ಷ ಅಕ್ಕನೂ ಕಾಯಿ ತಂದಳು. ದೋಣಿಯ ಯಜಮಾನ ಎಲ್ಲರೆದುರೇ, ಆ ದರಿದ್ರದವಳ ಕಾಯಿ ಮುಟ್ಟಬೇಡಿ, ಬಲೆ ಖಾಲಿ ಬರುತ್ತದೆ ಎಂದ.

"ಬಡವಿ ಅನ್ನಿ, ಆತು," ಎಂದಳು ಅಕ್ಕ. "ಕೈಯಲ್ಲಿ ಇಲ್ದಿದ್ರೆ ಬಡತನ. ದರಿದ್ರ ಅಂದ್ರೆ ನಾ ಮೆಟ್ಟಿದ ಜಾಗನೂ ಹಾಳು ಅಂದಂಗೆ. ನಾ ಯಾರ ಮನೆ ಎಂತ ಹಾಳ್ಮಾಡಿದೆ, ಯಜಮಾನ್ರೆ?"

ಕಾಯಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಅಂದಿನಿಂದ ಆ ಪದ ನನ್ನ ಬಾಯಿಗೆ ಬರುವುದಿಲ್ಲ. ಕೆಟ್ಟ ಮೊಬೈಲಿಗೂ ನಿಂತ ಬಸ್ಸಿಗೂ ಜನ ಅದನ್ನೇ ಎಸೆಯುವಾಗ ನನಗೆ ಮೈ ಉರಿಯುತ್ತದೆ.

ಅದೇ ಯಜಮಾನ ಈಗ ಮುಖಂಡ. ಕುಮಟೆಯಿಂದ ಭಟ್ಕಳದವರೆಗೆ ಮೈಕು ಸಿಕ್ಕಲ್ಲೆಲ್ಲ, ಕಡುಬಡತನದಲ್ಲಿ ಬೆಳೆದವ ನಾನು ಎನ್ನುತ್ತಾನೆ. ಅಪ್ಪನ ಕಾಲಕ್ಕೇ ಅವನ ಮನೆಯಲ್ಲಿ ದೋಣಿಗಳಿದ್ದವು. ಉಂಡು ತೇಗಿದವನಿಗೆ ಹಸಿವೂ ಒಂದು ಬಿರುದು.

ಹೋದ ಮಳೆಗಾಲದಲ್ಲಿ ಅಕ್ಕ ತೀರಿಕೊಂಡಳು. ಯಜಮಾನ ಹಾರ ಹಿಡಿದು ಬಂದ. ಬಂದವರು ನೆನೆಯದಿರಲೆಂದು ಹಿತ್ತಿಲಲ್ಲಿ ತಾಡಪಾಲು ಕಟ್ಟಲು ಕಂಬಕ್ಕೆ ಗುಂಡಿ ತೋಡಿದೆವು. ಮಣ್ಣಿಗಿಂತ ಹೆಚ್ಚು ಬಳಚಿನ ಚಿಪ್ಪು ಮೇಲೆ ಬಂತು. ಇನ್ನೂ ತೋಡಿದರೆ ಇನ್ನೂ ಚಿಪ್ಪು. ಅಷ್ಟು ಮಳೆಗಾಲ ತಾಯಿ ಮಗಳು ತಿಂದದ್ದೆಲ್ಲ ಅಲ್ಲಿತ್ತು.

ಆಚೆ ಯಜಮಾನ, ಈಕೆಯೂ ನನ್ನ ಹಾಗೇ ಕಡುಬಡತನ ಕಂಡವಳು ಎಂದು ಯಾರಿಗೋ ಹೇಳುತ್ತಿದ್ದ. ಹೆಣದ ಬಳಿ ಅಳುತ್ತ ಕೂತಿದ್ದ ಮಗಳು ಗುಂಡಿಯತ್ತ ನೋಡಿ ಎದ್ದು ಬಂದಳು. ಕಾಲಿನಿಂದಲೇ ಮಣ್ಣು ಎಳೆದು ಮುಚ್ಚತೊಡಗಿದಳು.

"ಕಂಬ ಬೇರೆ ಕಡೆ ಹುಗೀರಿ," ಎಂದಳು, ಮೆಲ್ಲಗೆ.

ನಾನೂ ಚಪ್ಪಲಿ ಬಿಚ್ಚಿಟ್ಟು ಅವಳೊಂದಿಗೆ ಮಣ್ಣು ಎಳೆದೆ.