ಬ್ರೇಕಿನೊಳಗಿನ ಗಾಳಿ

ಬೈಕಂಪಾಡಿಯ ವರ್ಕ್‌ಶಾಪಿನಲ್ಲಿ ಮಗಳ ಕಾರಿನ ಚಕ್ರ ಬಿಚ್ಚುತ್ತಿದ್ದಂತೆ ಬ್ರೇಕ್ ಆಯಿಲಿನ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಅದು ಬರೀ ನಾತ ಇರಬಹುದು. ನನಗೆ ಮಾತ್ರ ಈಗಲೂ ಒಂದು ಇಳಿಜಾರು ಕಣ್ಣೆದುರು ಬರುತ್ತದೆ.

ಅರವತ್ತರ ದಶಕದ ಮಾತು. ನನ್ನ ಯಜಮಾನರು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ಟ್ರು. ಅವರದೊಂದು ಮುದಿ ಕಾರು, ಅದಕ್ಕೆ ಕಬ್ಬಿಣದ ಸರಳಿನ ಬ್ರೇಕು. ಹೋದಲ್ಲೆಲ್ಲ ಏರು ಇಳಿತವಿರುವ ಮಂಗಳೂರಿಗೆ ಅದು ಸಾಲದೆಂದು, ಗುಜರಿಗೆ ಹೋದ ಇನ್ನೊಂದು ಕಾರಿನ ಆಯಿಲ್ ಬ್ರೇಕು ತಂದು ತಾವೇ ಕೂಡಿಸಿದರು. ನಾನು ಮದುವೆಯಾಗಿ ಬಂದ ದಿನವೂ ಅವರ ಮುಖದಲ್ಲಿ ಅಷ್ಟು ಸಂಭ್ರಮ ಕಂಡಿರಲಿಲ್ಲ.

ಮೊದಲ ಸವಾರಿಗೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ನಾನೂ ಹೊರಟೆ. ಬಾವುಟಗುಡ್ಡೆಯ ಇಳಿಜಾರಿನಲ್ಲಿ ಅವರು ಬ್ರೇಕು ಒತ್ತಿದರೆ ಪೆಡಲು ಕಾಲಡಿಯ ಹಲಗೆಯವರೆಗೂ ಹೋಯಿತು, ಕಾರು ನಿಲ್ಲಲಿಲ್ಲ. ಮತ್ತೆ ಒತ್ತಿದರು, ಮತ್ತೆ. ಕೊನೆಗೆ ಹಂಚು ಹೇರಿದ ಎತ್ತಿನಗಾಡಿಗೆ ಗೇಣು ದೂರದಲ್ಲಿ ಬ್ರೇಕು ಹಿಡಿದು ಕಾರು ನಿಂತಿತು.

"ಕಾರು ಬೇಕಾ, ನಾವು ಬೇಕಾ? ನೀವೇ ಹೇಳಿ," ಎಂದು ನಡುಬೀದಿಯಲ್ಲೇ ಕೂಗಿದೆ. ಉತ್ತರ ಬರಲಿಲ್ಲ. ಮರುದಿನವೂ ಬರಲಿಲ್ಲ. ಮಗುವನ್ನೆತ್ತಿಕೊಂಡು ವಾಮಂಜೂರಿನ ತವರಿಗೆ ಹೋಗಿಬಿಡುವುದೆಂದು ಪೆಟ್ಟಿಗೆ ತುಂಬಿಸಿಟ್ಟೆ.

ಭಾನುವಾರ ಅವರು ಕಾರಿನಡಿ ನುಸುಳಿದರು. ಅತ್ತೆ ಬಂದು, "ಅವನಿಗೆ ಪೆಡಲು ಒತ್ತಲಿಕ್ಕೆ ಒಬ್ಬರು ಬೇಕಂತೆ. ಗಂಡನ ಮೇಲಿನ ಸಿಟ್ಟನ್ನು ಅದರ ಮೇಲೆ ತೀರಿಸು, ಹೋಗು ಮಾರಾಯ್ತಿ," ಎಂದರು.

ಬ್ರೇಕ್ ಆಯಿಲಿನ ಕೊಳವೆಯೊಳಗೆ ಗಾಳಿ ಸಿಕ್ಕಿಕೊಂಡರೆ ಪೆಡಲು ಹೀಗೆ ಆಳಕ್ಕೆ ಇಳಿಯುತ್ತದೆ. ನಾನು ಒತ್ತಿ ಹಿಡಿಯಬೇಕು. ಅವರು ಚಕ್ರದ ಹಿಂದಿನ ತಿರುಪು ಸಡಿಲಿಸಿ ಗಾಳಿಯನ್ನು ಹೊರಬಿಡಬೇಕು. ತಿರುಪು ಬಿಗಿಯುವ ಮೊದಲೇ ನಾನು ಕಾಲೆತ್ತಿದರೆ ಗಾಳಿ ವಾಪಸು ಒಳಗೆ. ಮಾತು ಬಿಟ್ಟವರಲ್ಲವೇ ನಾವು? ಅವರು ಸ್ಪಾನರಿನಿಂದ ಬಡಿದು ಸನ್ನೆ ಮಾಡಿದರು. ಒಂದು ಬಡಿತಕ್ಕೆ ಒತ್ತುವುದು, ಎರಡಕ್ಕೆ ಬಿಡುವುದು. ಬಿಸಿಲೇರಿತು, ಪೆಡಲು ಮಾತ್ರ ಇದ್ದ ಹಾಗೇ ಇತ್ತು.

ಕೊನೆಗೆ ಅವರು ಮಸಿ ಮುಖ ಹೊತ್ತು ಹೊರಬಂದರು. "ನಾನು ಬಡಿಯುವ ಮೊದಲೇ ಯಾಕೆ ಬಿಡುವುದು ನೀನು?"

"ನೀವೇ ಬಡಿದಿರಲ್ಲ, ಟಕ್ ಟಕ್ ಅಂತ!"

"ನಾನೆಲ್ಲಿ ಬಡಿದೆ?"

ಟಕ್ ಟಕ್ ಸದ್ದು ಮತ್ತೆ ಕೇಳಿತು. ಇಬ್ಬರೂ ತಿರುಗಿ ನೋಡಿದೆವು. ಜಗಲಿಯಲ್ಲಿ ಅತ್ತೆ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದರು.

"ಎಂತ ನೋಡುವುದು? ನನಗೆ ಹಲ್ಲು ಉಂಟಾ?" ಎಂದರು.

ನನಗೆ ನಗು ಬಂತು, ಆದರೆ ಯಜಮಾನರು ನಗಲಿಲ್ಲ. ಆಮೇಲೆ ಬಾಯಲ್ಲೇ ಹೇಳಿದರು: ಒತ್ತು, ಹಿಡಿ, ಬಿಡು. ನಾಲ್ಕೂ ಚಕ್ರ ಮುಗಿಯುವಷ್ಟರಲ್ಲಿ ಪೆಡಲು ಅರ್ಧದಲ್ಲೇ ಗಟ್ಟಿಯಾಗಿ ನಿಂತಿತು.

"ನೀನು ಇಳಿ. ನಾನೊಬ್ಬನೇ ಗುಡ್ಡೆ ಇಳಿಸಿ ನೋಡ್ತೇನೆ."

"ಇಳಿಯುವುದಿಲ್ಲ. ಒತ್ತಿದ್ದು ನಾನಲ್ವಾ?" ಎಂದು ಪಕ್ಕದ ಸೀಟಿಗೆ ಸರಿದೆ. ಮಗು ಅತ್ತೆಯ ಬಳಿ ಉಳಿಯಿತು.

ಇಳಿಜಾರು ಶುರುವಾದಾಗ ಸೀಟಿನ ಅಂಚು ಹಿಡಿದುಕೊಂಡೆ. ಎಲ್ಲಕ್ಕಿಂತ ಕಡಿದಾದ ಕಡೆ ಅವರು ಬ್ರೇಕು ಒತ್ತಿದರು. ಒಂದೇ ಒತ್ತಿಗೆ ಕಾರು ನಿಂತಿತು. ಅವರು ಇಂಜಿನ್ ಆರಿಸಿದರು.

"ಮೊನ್ನೆ ಮಗುವನ್ನು ಕೊಂದೇಬಿಟ್ಟೆ ಅಂತ ಎಣಿಸಿದೆ. ಬಾಯಿ ತೆರೆದರೆ ಅಳು ಬರ್ತದೆ ಅಂತ ಮಾತಾಡಲಿಲ್ಲ," ಎಂದರು. ಹೇಳುತ್ತಲೇ ಅತ್ತುಬಿಟ್ಟರು.

ಆ ಮಗುವೇ ಈಗ ವರ್ಕ್‌ಶಾಪಿನಲ್ಲಿ ನನ್ನ ಪಕ್ಕ ಕುಳಿತವಳು. ಅಪ್ಪ ಯಾವತ್ತೂ ಒಂದು ಮುದ್ದಿನ ಮಾತಾಡಲಿಲ್ಲವೆಂಬುದು ಅವಳ ಹಳೆಯ ದೂರು, ಅವರು ತೀರಿಕೊಂಡ ಮೇಲೂ ಅದು ಮುಗಿದಿಲ್ಲ. ಕುಟ್ಟಾಣಿಯ ಕಥೆ ಹೇಳಿ ಅವಳನ್ನು ಎಷ್ಟೋ ಸಲ ನಗಿಸಿದ್ದೇನೆ. ಇಳಿಜಾರಿನ ಮಾತನ್ನು ಮಾತ್ರ ನನಗೆಂದೇ ಇಟ್ಟುಕೊಂಡಿದ್ದೆ. ಇವತ್ತು ಅದನ್ನೂ ಹೇಳಿದೆ.

ಅವಳು ನಗಲಿಲ್ಲ. "ಅಪ್ಪನಾ? ಅತ್ತದ್ದಾ?" ಎಂದು ಕೇಳಿದಳು.

"ಹೌದು ಮಗಾ, ನಿನಗೋಸ್ಕರ."