ಕೆಳಗಿನಿಂದ ಬಂದ ನೀರು

ಮಾಗಡಿ ಸೀಮೆಯಲ್ಲಿ, ಅರ್ಕಾವತಿಯ ದಡದ ಒಂದು ಹಳ್ಳಿಯಲ್ಲಿ ಮುನಿಶಾಮಯ್ಯ ಬಿತ್ತನೆಗೂಡು ಬೆಳೆಯುತ್ತಿದ್ದ. ನೂಲು ತೆಗೆಯುವ ಗೂಡಲ್ಲ. ಚಿಟ್ಟೆ ಹೊರಬಂದು ಮೊಟ್ಟೆಯಿಡಲೆಂದು ಜೀವಂತವಾಗಿ ಕಾಪಾಡುವ ರೇಷ್ಮೆಗೂಡು. ಗೂಡನ್ನು ಕಿವಿಯ ಹತ್ತಿರ ಅಲುಗಿಸಿ ಒಳಗಿನ ಹುಳು ಬದುಕಿದೆಯೋ ಸತ್ತಿದೆಯೋ ಹೇಳುತ್ತಿದ್ದ. ಅಂಗೈಯಲ್ಲಿ ತೂಗಿ ಹೆಣ್ಣು ಯಾವುದು, ಗಂಡು ಯಾವುದು ಎಂದು ಬೇರೆ ಮಾಡುತ್ತಿದ್ದ. ತಪ್ಪುವುದು ಅಪರೂಪ. ತಪ್ಪಿದರೆ ಆ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

ಬೆಂಗಳೂರಿನಿಂದಾಚೆ ಎಂದೂ ಹೋಗಿರದ ಈ ಮನುಷ್ಯ ೧೯೧೨ರಲ್ಲಿ ರಂಗೂನಿಗೆ ಹೋಗಿ ಬಂದ. ಅಲ್ಲಿನ ಒಬ್ಬ ಮರದ ವ್ಯಾಪಾರಿ ಹಿಪ್ಪುನೇರಳೆ ತೋಟ ಮಾಡಿದ್ದ. ಎರಡು ವರ್ಷವೂ ರೋಗ ಬಂದು ಹುಳುಗಳೆಲ್ಲ ಸತ್ತವು. ಕ್ಲೋಸ್‌ಪೇಟೆಯಲ್ಲಿ, ಎಂದರೆ ಈಗಿನ ರಾಮನಗರದಲ್ಲಿ, ರೇಷ್ಮೆ ವ್ಯಾಪಾರ ಮಾಡುತ್ತಿದ್ದ ಅಸದುಲ್ಲಾನಿಗೆ ಅವನು ಬರೆದ: ಇನ್ನೊಂದೇ ಸಲ ನೋಡುತ್ತೇನೆ, ಆಗದಿದ್ದರೆ ತೋಟ ಕೀಳಿಸುತ್ತೇನೆ. ಅಸದುಲ್ಲಾ ಮುನಿಶಾಮಯ್ಯನ ಮನೆಗೆ ಬಂದ. ತಾಯಿಯ ಕಾಲದಿಂದ ರೋಗ ತಾಗದಂತೆ ಉಳಿಸಿಕೊಂಡ ಹುಳುವಿನ ಸಂತತಿ ಮುನಿಶಾಮಯ್ಯನಲ್ಲಿತ್ತು. "ಜೀವ್ವಾಗಿ ತಲುಪಿಸ್ತೀನಿ, ನಾನೇ ಬತ್ತೀನಿ" ಎಂದ ಮುನಿಶಾಮಯ್ಯ.

ಹುಳು ಕಟ್ಟಿದ ಗೂಡನ್ನು ತಟ್ಟೆಯಿಂದ ಬಿಡಿಸಿದ ಎಂಟನೆಯ ಬೆಳಿಗ್ಗೆ ಚಿಟ್ಟೆ ಹೊರಬರುತ್ತದೆ. ಹೆಣ್ಣು ಗಂಡು ಒಟ್ಟಿಗಿದ್ದರೆ ದಾರಿಯಲ್ಲೇ ಜೋಡಿಯಾಗಿ ಸಿಕ್ಕಲ್ಲಿ ಮೊಟ್ಟೆಯಿಟ್ಟು ಕೆಡುತ್ತವೆ. ಆದ್ದರಿಂದ ಎರಡು ಬಿದಿರುಬುಟ್ಟಿ: ಆರುನೂರು ಹೆಣ್ಣು ಒಂದರಲ್ಲಿ, ಆರುನೂರು ಗಂಡು ಇನ್ನೊಂದರಲ್ಲಿ. ಅಸದುಲ್ಲಾನೂ ಜೊತೆಗೆ ಹೊರಟ. ರೈಲು, ಮದರಾಸು, ಹಡಗು. ಆರನೆಯ ದಿನ ಎಂಜಿನ್ ಕೆಟ್ಟು ಹಡಗು ರಂಗೂನ್ ನದಿಯ ಬಾಯಲ್ಲೇ ನಿಂತಿತು. ಎರಡು ದಿನ ಅಲುಗುವುದಿಲ್ಲ ಎಂದರು. ಸುದ್ದಿ ತಿಳಿದ ವ್ಯಾಪಾರಿ ತನ್ನ ಸ್ವಂತ ದೋಣಿ ಕಳಿಸಿದ. ಏಳನೆಯ ಬೆಳಿಗ್ಗೆ ಇಬ್ಬರೂ ಬುಟ್ಟಿಗಳೊಡನೆ ಅದಕ್ಕೆ ಇಳಿದರು.

ಕಂದುನೀರು ಸಮುದ್ರದಿಂದ ರಂಗೂನಿನ ಕಡೆಗೆ ಹರಿಯುತ್ತಿತ್ತು. ಮುನಿಶಾಮಯ್ಯ ದೋಣಿಯ ಅಂಚು ಬಿಗಿಹಿಡಿದ.

"ಲೇ ಅಸದುಲ್ಲಾ, ಹೊಳೆ ಹಿಂದಕ್ಕೋಯ್ತಾ ಐತೆ ಕಣ್ಲಾ!"

ಚಿತ್ತಗಾಂಗಿನ ದೋಣಿಯವನೊಡನೆ ಅಸದುಲ್ಲಾ ಹಿಂದೂಸ್ಥಾನಿಯಲ್ಲಿ ಮಾತಾಡಿ ತಿರುಗಿದ. "ಸಮುದ್ರ ಆರು ಗಂಟೆ ತಳ್ತದಂತೆ, ಆರು ಗಂಟೆ ಎಳ್ಕೊಳ್ತದಂತೆ."

"ಅದಕ್ಕೇನು ಬ್ಯಾರೆ ಕೆಲ್ಸ ಇಲ್ವಾ?"

ಹತ್ತು ಗಂಟೆಯ ಹೊತ್ತಿಗೆ ನೀರು ಇಳಿಯತೊಡಗಿತು. ಎದುರು ಹರಿವಿನಲ್ಲಿ ಹೋಗಲಾಗದೆ ದೋಣಿಯವನು ದಡದ ಗೂಟಕ್ಕೆ ಹಗ್ಗ ಕಟ್ಟಿ ಚುಟ್ಟಾ ಹಚ್ಚಿದ. ಮುನಿಶಾಮಯ್ಯ ಬುಟ್ಟಿಗಳನ್ನು ಹೊಗೆಯಿಂದಾಚೆ ಸರಿಸಿದ. ಹೊಗೆಸೊಪ್ಪಿನ ಗಾಳಿ ಹುಳುವಿಗೆ ವಿಷ. ತನ್ನ ಊರಲ್ಲಿ ಬೀಡಿ ಸೇದಿದವನನ್ನು ಹುಳುಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ.

"ಆರಿಸು ಅನ್ಲಾ ಅವನಿಗೆ."

"ಅವನ ದೋಣಿ, ಅವನ ಬಾಯಿ. ಮೂತಿ ಒಸಿ ನೆಟ್ಟಗಿಟ್ಕೊ ಮಾರಾಯಾ, ನಿನ್ನ ನೋಡಿದ್ರೆ ಮೀನೂ ಅಳ್ತವೆ."

ಮಧ್ಯಾಹ್ನಕ್ಕೆ ನೀರು ಸರಿದು ದೋಣಿಯ ಪಕ್ಕದಲ್ಲೇ ಉದ್ದನೆಯ ಮರಳುದಿಬ್ಬ ಎದ್ದು ಕಂಡಿತು. ಮೇಲೆ ಒಣಗಿದ ಮರಳು, ಒಳ್ಳೆಯ ಗಾಳಿ. ಬೇಸಗೆಯ ಅರ್ಕಾವತಿಯೇ ಕಣ್ಣೆದುರು ಬಿದ್ದುಕೊಂಡಂತಿತ್ತು. ಮುನಿಶಾಮಯ್ಯ ಬುಟ್ಟಿಗಳನ್ನು ಒಯ್ದು ಅಲ್ಲಿಟ್ಟ. ಹೆಣ್ಣಿನ ಬುಟ್ಟಿಯ ಮೇಲೆ ಕೊಡೆ ನಿಲ್ಲಿಸಿ, ಗಂಡಿನದನ್ನು ತೊಡೆಯ ಮೇಲೆ ಪಂಚೆಯ ನೆರಳಲ್ಲಿಟ್ಟುಕೊಂಡು ಕಾವಲು ಕುಳಿತ.

ಅವನು ಅಜಾಗರೂಕನಲ್ಲ. ಚಿಕ್ಕಂದಿನಲ್ಲಿ, ಮೇಲೆಲ್ಲೋ ಸುರಿದ ಮಳೆಗೆ ಒಣ ಅರ್ಕಾವತಿಯಲ್ಲಿ ಒಮ್ಮೆಗೇ ನೀರು ಬಂದು, ಮರಳು ದಾಟುತ್ತಿದ್ದ ಗಾಡಿಯೊಂದನ್ನು ಎತ್ತುಗಳ ಸಮೇತ ಕೊಂಡೊಯ್ದದ್ದನ್ನು ನೋಡಿದ್ದ. ಹೊಳೆಯ ಮರಳಲ್ಲಿ ಕೂತವನು ಮೇಲ್ದಿಕ್ಕಿಗೆ ಬೆನ್ನು ಹಾಕಬಾರದು ಎಂಬುದು ಆ ಕಡೆಯವರೆಲ್ಲರ ನಡಾವಳಿ. ಅದರಂತೆ ಮುನಿಶಾಮಯ್ಯ ಸಮುದ್ರಕ್ಕೆ ಬೆನ್ನಾಗಿ, ರಂಗೂನಿನ ದಿಕ್ಕಿಗೆ ಮುಖ ಮಾಡಿ, ಕಣ್ಣು ಕೀಳದೆ ಕುಳಿತಿದ್ದ. ನೀರು ಎತ್ತಲಿಂದ ಬರುತ್ತದೆಂದು ಬೆಳಿಗ್ಗೆ ತಾನೇ ಕಂಡಿದ್ದ. ಆದರೆ ನಲವತ್ತು ವರ್ಷದ ಮೈಗೆ ಅದು ತಿಳಿದಿರಲಿಲ್ಲ.

"ಹಿಂದೆ! ಹಿಂದೆ ನೋಡ್ಲಾ!" ಇಳಿಬಿಸಿಲಲ್ಲಿ ಅಸದುಲ್ಲಾ ದೋಣಿಯಿಂದ ಕೂಗಿದ.

ತಿರುಗುವಷ್ಟರಲ್ಲಿ ಸಮುದ್ರದ ಕಡೆಯಿಂದ ನೀರು ಏರಿ ಕೊಡೆ ತೇಲುತ್ತಿತ್ತು. ಹಿಂದಿನ ತಗ್ಗಲ್ಲಿದ್ದ ಹೆಣ್ಣಿನ ಬುಟ್ಟಿ ಅರ್ಧ ಮುಳುಗಿ ಓರೆಯಾಗಿತ್ತು. ಮುನಿಶಾಮಯ್ಯ ಗಂಡಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು, ಮೊಣಕಾಲುದ್ದ ನೀರಲ್ಲಿ ಇನ್ನೊಂದರ ಹಿಡಿ ಹಿಡಿದು ಎಳೆದ. ದೋಣಿಯವನು ಕೈಕೊಟ್ಟು ಮೇಲೆತ್ತಿಕೊಂಡ.

ಹೆಣ್ಣಿನ ಗೂಡುಗಳು ಕೊಚ್ಚಿಹೋಗದೆ ಉಳಿದಿದ್ದವು, ಆದರೆ ಎಲ್ಲ ನೆನೆದಿದ್ದವು. ದೋಣಿ ರಂಗೂನಿನ ಕಡೆ ಓಡುತ್ತಿದ್ದಂತೆ ಮುನಿಶಾಮಯ್ಯ ಒಂದೊಂದನ್ನೂ ಪಂಚೆಯಲ್ಲಿ ಒರೆಸಿ ಕಿವಿಯ ಹತ್ತಿರ ಅಲುಗಿಸಿದ. ಸದ್ದೇ ಇಲ್ಲ. ನೆನೆದ ಗೂಡಿನೊಳಗೆ ಹುಳು ಅಂಟಿಕೊಂಡಿರುತ್ತದೆ. ಸತ್ತದ್ದೂ ಬದುಕಿದ್ದೂ ಒಂದೇ ತರಹ.

"ಏನಂತವೆ?"

"ಏನೂ ಅನ್ನಾಕಿಲ್ಲ."

ಅಸದುಲ್ಲಾ ಮತ್ತೆ ತಮಾಷೆ ಮಾಡಲಿಲ್ಲ. ತಾನೂ ಪಕ್ಕದಲ್ಲಿ ಕೂತು ಒರೆಸತೊಡಗಿದ. ಎಡಬಲದಲ್ಲಿ ಹಡಗುಗಳು, ಅಕ್ಕಿಯ ಗಿರಣಿಗಳ ಚಿಮಣಿಗಳು, ದೂರದಲ್ಲಿ ಚಿನ್ನದ ಗೋಪುರ. ಅಷ್ಟು ದೊಡ್ಡ ಪಟ್ಟಣ ಅವರೆದುರು ತೆರೆದುಕೊಂಡಿತು. ಇಬ್ಬರೂ ತಲೆಯೆತ್ತಿ ನೋಡಲಿಲ್ಲ.

ಎಂಟನೆಯ ಬೆಳಕು ಹರಿಯುವಾಗ ಅವರು ವ್ಯಾಪಾರಿಯ ಹುಳುಮನೆಯಲ್ಲಿದ್ದರು. ಎರಡು ಅಗಲ ಮೊರಗಳಲ್ಲಿ ಗೂಡು ಹರಡಿತ್ತು. ನೆನೆದವುಗಳ ಮೇಲೆ ತೆಳುಬಟ್ಟೆ. ಗಂಡಿನ ಮೊರದಲ್ಲಿ ಗೂಡಿನ ತುದಿಗಳು ಒದ್ದೆಯಾದವು, ತೂತಾದವು, ಬಿಳಿ ಚಿಟ್ಟೆಗಳು ಹೊರಬಂದು ರೆಕ್ಕೆ ಒಣಗಿಸಿಕೊಂಡು ಸುಮ್ಮನೆ ಕುಳಿತವು. ನೂರು, ಇನ್ನೂರು. ಹೆಣ್ಣಿನ ವಾಸನೆ ತಾಗುವವರೆಗೆ ಗಂಡುಚಿಟ್ಟೆ ಹೀಗೇ ಕೂತಿರುತ್ತದೆ. ಪಕ್ಕದ ಬಟ್ಟೆಯ ಕೆಳಗೆ ಏನೂ ಮಿಸುಕಲಿಲ್ಲ. ಬಿಸಿಲು ಕಿಟಕಿಗೆ ಬಂತು. ಬಾಗಿಲಲ್ಲಿ ನಿಂತಿದ್ದ ವ್ಯಾಪಾರಿ ಗಡಿಯಾರ ತೆಗೆದು ನೋಡಿದ.

ಆಗ ಮೊರದ ಅಂಚಿನ ಒಂದು ಗಂಡು ರೆಕ್ಕೆ ಬಡಿಯಿತು. ಪಕ್ಕದ್ದೂ ಬಡಿಯಿತು. ಕ್ಷಣದಲ್ಲಿ ಆ ಅಂಚೆಲ್ಲ ನಡುಗಿತು.

ಮುನಿಶಾಮಯ್ಯ ತಕ್ಷಣ ಸಂತೋಷಪಡಲಿಲ್ಲ. ತನ್ನ ಕೈ ತಪ್ಪಿ ಗಂಡಿನ ಮೊರದಲ್ಲೇ ಹೆಣ್ಣೊಂದು ಸೇರಿರಬಹುದು. ಅಂಚಿನ ಗೂಡುಗಳನ್ನೆಲ್ಲ ಸರಿಸಿ ಹುಡುಕಿದ. ಇರಲಿಲ್ಲ. ಪಕ್ಕದ ಮೊರದ ಬಟ್ಟೆ ಎತ್ತಿದ. ಒಂದು ಗೂಡಿನ ಬಾಯಲ್ಲಿ, ತುಂಬಿದ ಹೊಟ್ಟೆ ಎಳೆದುಕೊಳ್ಳುತ್ತ, ಹೆಣ್ಣುಚಿಟ್ಟೆ ಹೊರಬರುತ್ತಿತ್ತು. ಅದರಾಚೆ ಇನ್ನೆರಡು ಗೂಡುಗಳ ತುದಿಗಳೂ ಹೊಸದಾಗಿ ಒದ್ದೆಯಾಗಿದ್ದವು.

"ಬದುಕವೆಯಾ?" ಅಸದುಲ್ಲಾ ಪಿಸುಗುಟ್ಟಿದ.

"ಬಾಯ್ಮುಚ್ಕೊಂಡು ಗಂಡು ತತ್ತಾ. ಒಂದೊಂದೇ, ರೆಕ್ಕೆ ಮುಟ್ದಂಗೆ."